ಚಿಕಿತ್ಸೆ ಮುಗಿದ ಮೇಲೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರು ಚಿಕಿತ್ಸೆಗಾಗಿ ಹುಬ್ಬಳ್ಳಿಯ ನವನಗರಕ್ಕೆ ಹೋಗಿಬರುತ್ತಾರೆ. ತಿಂಗಳುಗಟ್ಟಲೆ ಪ್ರಯಾಣ, ಕಿಮೋ, ವಿಕಿರಣ. ಕೊನೆಗೊಂದು ದಿನ ವೈದ್ಯರು, ಇನ್ನು ಕೆಲವು ತಿಂಗಳ ನಂತರ ತಪಾಸಣೆಗೆ ಬಂದರೆ ಸಾಕೆನ್ನುತ್ತಾರೆ. ಮನೆಯವರು ಕೃತಜ್ಞತಾ ಬಲಿಪೂಜೆ ಅರ್ಪಿಸುತ್ತಾರೆ. ಆದರೆ ಗುಣವಾದವರಿಗೆ ರಾತ್ರಿ ನಿದ್ರೆ ಬಾರದು. ಮೆಣಸಿನಕಾಯಿಯ ಘಾಟಿಗೆ ಬಂದ ಕೆಮ್ಮು ಸಹ, ರೋಗ ಮರುಕಳಿಸಿತೇನೋ ಎಂಬ ಅಂಜಿಕೆ ತರುತ್ತದೆ.

ಈ ಅಂಜಿಕೆ ವಿಶ್ವಾಸದ ಕೊರತೆಯಲ್ಲ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯ ಪ್ರಸಂಗವನ್ನು ಸಂತ ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಓದುತ್ತೇವೆ. ಪ್ರಭುವಿನ ಉಡುಪನ್ನು ಮುಟ್ಟಿದೊಡನೆ ಅವಳು ಗುಣಹೊಂದಿದಳು. ಆದರೂ ಅಂಜಿ ನಡುಗುತ್ತಿದ್ದಳು. ಯಾಯಿರನ ಮಗಳು ಮರಣಶಯ್ಯೆಯಲ್ಲಿದ್ದರೂ ಪ್ರಭು ದಾರಿಯಲ್ಲಿ ನಿಂತರು, ಅವಳು ಹೇಳಿದುದನ್ನೆಲ್ಲ ಆಲಿಸಿದರು, ಅನಂತರವೇ ಸಮಾಧಾನದಿಂದ ಕಳುಹಿಸಿದರು. ದೇಹಕ್ಕೆ ಸ್ಪರ್ಶ ಸಾಕಾಯಿತು. ಮನಸ್ಸಿಗೆ ಸಮಯ ಬೇಕಾಯಿತು.

ಹಾಗೆ ನಿಲ್ಲುವುದನ್ನು ಕಲಿಸುವ ಅಭ್ಯಾಸವೇ ಇಂದು ಮೈಂಡ್‌ಫುಲ್‌ನೆಸ್ ಎಂದು ಹೆಸರಾಗಿರುವ ಸಾವಧಾನ ಧ್ಯಾನ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಬೌದ್ಧ ಧ್ಯಾನದಿಂದ ಅದನ್ನು ಆಸ್ಪತ್ರೆಗೆ ತಂದರು. ನಮ್ಮವರೇ ಆದ ಯೇಸುಸಭೆಯ ಗುರು ಆಂತೋನಿ ಡಿ ಮೆಲ್ಲೊ 1978ರ ‘ಸಾಧನಾ’ ಕೃತಿಯಲ್ಲಿ ಉಸಿರಿನ ಅರಿವನ್ನು ಪ್ರಾರ್ಥನೆಯ ದ್ವಾರವಾಗಿಸಿದ್ದರು. ಕ್ರಮ ಸರಳ: ಜಪಸರಕ್ಕೆ ಮೊದಲು ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರಾಟವನ್ನು ಗಮನಿಸುವುದು, ಅಂಜಿಕೆ ಎದ್ದರೆ ಅದರೊಡನೆ ಹೋರಾಡದೆ, ಅದು ಅಂಜಿಕೆಯೆಂದು ಗುರುತಿಸಿ ಮರಳಿ ಉಸಿರಿಗೆ ಬರುವುದು. ಇದು ಆತಂಕವನ್ನು ತಗ್ಗಿಸಬಲ್ಲದು, ಕ್ಯಾನ್ಸರನ್ನು ವಾಸಿಮಾಡದು. ವೈದ್ಯರು ಹೇಳಿದ ತಪಾಸಣೆಯನ್ನು ಯಾರೂ ತಪ್ಪಿಸಬಾರದು. ಎರಡು ವಾರ ಕಳೆದರೂ ಖಿನ್ನತೆ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ಉಚಿತ ದೂರವಾಣಿ ಸೇವೆ ಟೆಲಿ-ಮಾನಸ್‌ಗೆ 14416ರಲ್ಲಿ ಕರೆಮಾಡಬಹುದು.

ಉಳಿದ ಹೊಣೆ ಕುಟುಂಬದ್ದು, ಧರ್ಮಕೇಂದ್ರದ್ದು. ವ್ಯಾಧಿಸ್ಥರ ಅಭ್ಯಂಗವು ಸಾಯುವವರಿಗೆ ಮಾತ್ರ ಮೀಸಲಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಸ್ಪಷ್ಟಪಡಿಸಿತು. ಆದರೂ ಗುರುಗಳನ್ನು ಮನೆಗೆ ಕರೆಯಲು ನಾವು ಹಿಂಜರಿಯುತ್ತೇವೆ. ಚಿಕಿತ್ಸೆಯ ದಿನಗಳಲ್ಲಿ ಹಣ್ಣುಹಂಪಲು ಹಿಡಿದು ಹೋದ ನಾವು, ಅದು ಮುಗಿದ ಆರು ತಿಂಗಳಿಗೆ ಬರಿಗೈಯಲ್ಲಾದರೂ ಒಮ್ಮೆ ಹೋಗೋಣ. ಧೈರ್ಯದ ಮಾತುಗಳನ್ನು ಸುರಿಯುವುದು ಬೇಡ. ಪ್ರಭು ನಿಂತಂತೆ ನಿಂತು, ಅವರ ಮಾತು ಮುಗಿಯುವವರೆಗೆ ಕೇಳಿದರೆ ಸಾಕು.