ಹಾರಾಟ ಎರಡೂಮುಕ್ಕಾಲು ಗಂಟೆ, ಪ್ರಯಾಣ ಹತ್ತು ಗಂಟೆ!

ಬೆಂಗಳೂರಿನಿಂದ ದಿಲ್ಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ರೈಲುದಾರಿ 2,300ಕ್ಕೂ ಹೆಚ್ಚು. ಒಂದೂವರೆ ದಿನ ಬೇಕು. ವಿಮಾನಕ್ಕೆ ಎರಡೂಮುಕ್ಕಾಲು ಗಂಟೆ ಸಾಕು. ಭೇಷ್!

ಆದರೆ ನಮ್ಮ ಚಿತ್ರದುರ್ಗದ ವ್ಯಾಪಾರಿಯ ಲೆಕ್ಕವೇ ಬೇರೆ, ಸ್ವಾಮಿ. ಬೆಂಗಳೂರಿಗೆ 200 ಕಿಲೋಮೀಟರ್, ಬಸ್ಸಿನಲ್ಲಿ ನಾಲ್ಕು ಗಂಟೆ. ಮೆಜೆಸ್ಟಿಕ್‌ನಲ್ಲಿ ಇಳಿದು, ಗಂಟುಮೂಟೆ ಹೊತ್ತು ಬೇರೆ ಬಸ್ಸು ಹಿಡಿದು ದೇವನಹಳ್ಳಿ ಸೇರೋದಕ್ಕೆ ಇನ್ನೂ ಒಂದೂವರೆ ಗಂಟೆ. 2008ರ ತನಕ ವಿಮಾನ ಊರೊಳಗಿನ ಎಚ್‌ಎಎಲ್‌ನಿಂದಲೇ ಏರುತ್ತಿತ್ತು. ಈಗ ಊರು ದಾಟಬೇಕು. ಹೋದ ಮೇಲೆ ಎರಡು ಗಂಟೆ ಕಾಯಬೇಕು. ಎಲ್ಲ ಕೂಡಿದರೆ ದಿಲ್ಲಿ ಮುಟ್ಟೋಕೆ ಹತ್ತು ಗಂಟೆ ದಾಟಿತು. ದಿಲ್ಲಿಗಿಂತ ದೇವನಹಳ್ಳಿಯೇ ದೂರ ಅಂದಂತಾಯ್ತು!

ದಾರಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡರಂತೂ ಮುಗೀತು. ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತೆ; ಟಿಕೆಟ್ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ವಿಮಾನದ ವೇಗ ಹೆಚ್ಚಿಸಿ ಅಂತ ಯಾರೂ ಕೇಳ್ತಿಲ್ಲ. ಬಸ್ಸು ಬೆಂಗಳೂರು ಹೊಗದೆ, ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಲಿ. ಹೆದ್ದಾರಿ ಇದ್ದೇ ಇದೆ. ಬೆಳಗಿನ, ಸಂಜೆಯ ವಿಮಾನಗಳ ಹೊತ್ತಿಗೆ ಹೊಂದುವಂತೆ ಇಂಥ ಬಸ್ಸು ಸಾಕಷ್ಟು ಬಿಟ್ಟರೆ ದಿಲ್ಲಿ ಇಲ್ಲಿಂದಲೇ ಹತ್ತಿರವಾಗುತ್ತೆ. ಸಾರಿಗೆಯವರು ಕಿವಿಗೊಡಲಿ.