ಶೇರು ಒಡೆದರೆ ದುಡ್ಡು ಹೆಚ್ಚುತ್ತಾ?

ವಿಜಯನಗರದ ಟೀ ಅಂಗಡಿಯಲ್ಲಿ ಆಟೋ ಓಡಿಸುವ ಗೆಳೆಯರೊಬ್ಬರು ನಮಗೆ ವಾಟ್ಸಾಪ್ ಮೆಸೇಜ್ ತೋರಿಸಿದರು: 'ಸ್ಪ್ಲಿಟ್ ಬರ್ತಿದೆ, ಒಂದಕ್ಕೆ ಐದು, ಬೇಗ ತಗೊಳ್ಳಿ.' ಅದನ್ನು ನಂಬಿ ಊರಲ್ಲಿರೋ ಅವರ ತಮ್ಮ ಸಂಘದಲ್ಲಿ ಸಾಲ ತೆಗೆಯಲು ಹೊರಟಿದ್ದಾನಂತೆ.

ನಮ್ಮ ಕೆನರಾ ಬ್ಯಾಂಕನ್ನೇ ನೋಡಿ. 2024ರ ಮೇ 15ಕ್ಕೆ 10 ರೂಪಾಯಿ ಮುಖಬೆಲೆಯ ಒಂದು ಶೇರು, 2 ರೂಪಾಯಿಯ ಐದು ಶೇರಾಯಿತು. ಸುಮಾರು 560 ರೂಪಾಯಿ ಇದ್ದ ಬೆಲೆ 112ರ ಆಸುಪಾಸಿಗೆ ಬಂತು. ಐದನ್ನೂ ಕೂಡಿಸಿದರೆ ಅದೇ 560. ಐನೂರರ ನೋಟಿಗೆ ಚಿಲ್ಲರೆ ಪಡೆದಂತೆ, ಅಷ್ಟೇ. ಆ ವರ್ಷದ ಡಿವಿಡೆಂಡ್ ಶೇರಿಗೆ 16 ರೂಪಾಯಿ 10 ಪೈಸೆ ಎಂದಿತ್ತು; ಒಡೆದ ಮೇಲೆ 3 ರೂಪಾಯಿ 22 ಪೈಸೆ. ಐದರಿಂದ ಗುಣಿಸಿ ನೋಡಿ.

ಹೊಸ ಶೇರು ಖಾತೆಗೆ ಬರುವವರೆಗೆ ಆ್ಯಪ್‌ನಲ್ಲಿ ಭಾರೀ ನಷ್ಟ ಕಾಣಬಹುದು, ಗಾಬರಿ ಬೇಡ. ತೆರಿಗೆ ಲೆಕ್ಕಕ್ಕೂ ಮೊದಲು ಕೊಂಡ ದಿನವೇ ಲೆಕ್ಕ.

ಬೆಲೆ ಇಳಿದಾಗ ಸಣ್ಣವರೂ ಕೊಳ್ಳಬಹುದು, ನಿಜ. ಆದರೆ ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ದುಡ್ಡು ಬರುವುದು ಬ್ಯಾಂಕಿನ ವ್ಯವಹಾರದಿಂದ. ಕೊಟ್ಟ ಸಾಲ ವಾಪಸ್ ಬರುತ್ತಿದೆಯೇ, ಲಾಭ ಬೆಳೆಯುತ್ತಿದೆಯೇ? ಅದನ್ನು ಆ ಮೆಸೇಜು ಹೇಳುವುದೇ ಇಲ್ಲ. ಸಂಘದ ಸಾಲಕ್ಕಂತೂ ವಾರ ವಾರ ಕಂತು ಕಟ್ಟಲೇಬೇಕು.

ಗೆಳೆಯರು ಟೀ ಅರ್ಧಕ್ಕೇ ಬಿಟ್ಟು ತಮ್ಮನಿಗೆ ಫೋನ್ ಮಾಡಿದರು.