ಕಂಡು ಕೇಳಿ ಕಲಿಯುವ ಚೀನೀ ಭಾಷೆ

ಮಗುವು ಯಾವ ವ್ಯಾಕರಣವನ್ನು ಓದಿ ತನ್ನ ತಾಯಿನುಡಿಯನ್ನು ಕಲಿಯಿತು? ನಮ್ಮ ಮೀಮಾಂಸಕರು ಈ ಪ್ರಶ್ನೆಗೆ ಬಲು ಸೊಗಸಾದ ಸಮಾಧಾನವನ್ನು ಹೇಳಿರುವರು. ಹಿರಿಯನೊಬ್ಬನು ‘ಹಸುವನ್ನು ತಾ’ ಎನ್ನುತ್ತಾನೆ. ಇನ್ನೊಬ್ಬನು ಹಸುವನ್ನು ತರುತ್ತಾನೆ. ಪಕ್ಕದಲ್ಲಿ ನಿಂತ ಬಾಲಕನು ಮಾತನ್ನು ಕೇಳುತ್ತಾನೆ, ಕ್ರಿಯೆಯನ್ನು ಕಾಣುತ್ತಾನೆ. ಮರುಗಳಿಗೆಯಲ್ಲಿ ‘ಹಸುವನ್ನು ಕಟ್ಟು, ಕುದುರೆಯನ್ನು ತಾ’ ಎಂಬ ಮಾತು ಬರಲು, ಯಾವ ಪದಕ್ಕೆ ಯಾವ ಅರ್ಥವೆಂಬುದು ಅವನಿಗೆ ತಾನಾಗಿಯೇ ವಿಂಗಡವಾಗಿ ತೋರುತ್ತದೆ. ಇದಕ್ಕೆ ವೃದ್ಧವ್ಯವಹಾರವೆಂದು ಹೆಸರು. ಕೋಶವೂ ವ್ಯಾಕರಣವೂ ಇದರ ಅನಂತರ ಬರತಕ್ಕವು.

ನಾವು ನಿವೃತ್ತರಾದ ಮೇಲೆ ಕುತೂಹಲದಿಂದ ಚೀನೀ ಭಾಷೆಯ ಮೊದಲ ಪಾಠಗಳನ್ನು ಅಭ್ಯಸಿಸುತ್ತಿರುವೆವು. ಕನ್ನಡನಾಡಿನ ಮನೆಯೊಂದರಲ್ಲಿ ಕುಳಿತವನಿಗೆ ಚೀನರ ವೃದ್ಧವ್ಯವಹಾರವು ಎಲ್ಲಿ ದೊರಕಬೇಕು? 671ರಲ್ಲಿ ಇತ್ಸಿಂಗನೆಂಬ ಚೀನೀ ಭಿಕ್ಷುವು ಸಮುದ್ರಮಾರ್ಗವಾಗಿ ಹೊರಟು, ನಡುವೆ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣವನ್ನು ಕಲಿತು, ಬಳಿಕ ನಾಲಂದೆಯಲ್ಲಿ ಅನೇಕ ವರ್ಷಗಳ ಕಾಲ ವ್ಯಾಸಂಗಮಾಡಿದನು. ಅಂತಹ ಯಾತ್ರೆಯು ಎಲ್ಲರಿಗೂ ಸಾಧ್ಯವಲ್ಲ. ಆದರೆ ಚೀನರು ಪರದೇಶೀಯರಾದ ವಿದ್ಯಾರ್ಥಿಗಳಿಗಾಗಿ ಅಲ್ಲದೆ ತಮ್ಮವರಿಗಾಗಿಯೇ ತೆಗೆದ ವಿಡಿಯೋಗಳು ಇಂದು ಅಂಗೈಯ ಮೊಬೈಲಿನಲ್ಲಿಯೇ ಲಭ್ಯವಾಗಿವೆ. ಪಾಠಕ್ಕೆಂದು ತೆಗೆದ ಚಿತ್ರದಲ್ಲಿ ಜನರು ನಿಧಾನವಾಗಿ, ಒಬ್ಬರಾದ ಮೇಲೊಬ್ಬರು ನುಡಿಯುತ್ತಾರೆ. ಲೋಕದಲ್ಲಿ ಹಾಗೆ ಯಾರೂ ನುಡಿಯುವುದಿಲ್ಲ.

ಮೊದಲನೆಯ ಲಾಭವು ಸ್ವರಜ್ಞಾನ. ಚೀನದ ಪ್ರಮಾಣಭಾಷೆಯಲ್ಲಿ ನಾಲ್ಕು ಸ್ವರಗಳೂ, ಅವಲ್ಲದೆ ಸ್ವರವಿಲ್ಲದ ಲಘೂಚ್ಚಾರಣೆಯೂ ಉಂಟು. ‘ಮಾಯ್’ ಎಂಬುದನ್ನು ತಗ್ಗಿಸಿ ಎತ್ತಿದರೆ ಕೊಳ್ಳುವುದೆಂದೂ, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದೆಂದೂ ಅರ್ಥ. ‘ಇಂದ್ರಶತ್ರು’ ಎಂಬ ಪದದ ಸ್ವರವು ತಪ್ಪಿದ್ದರಿಂದ, ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದಲೇ ಹತನಾದನೆಂಬ ಕಥೆಯನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಸ್ವರವು ಕಾಗದದ ಮೇಲಿನ ಗೀಟಿನಿಂದ ಬರತಕ್ಕದ್ದಲ್ಲ, ಕಿವಿಯಿಂದಲೇ ಬರಬೇಕು. ಮೂರನೆಯ ಸ್ವರದ ಎರಡು ಅಕ್ಷರಗಳು ಕೂಡಿಬಂದರೆ ಮೊದಲನೆಯದು ಎರಡನೆಯ ಸ್ವರಕ್ಕೆ ತಿರುಗುವುದೆಂದು ಪುಸ್ತಕವು ಹೇಳುತ್ತದೆ. ‘ನೀ ಹಾವ್’ ಎಂಬ ಕುಶಲಪ್ರಶ್ನೆಯನ್ನು ನೂರು ಬಾಯಿಗಳಿಂದ ಕೇಳಿದವನಿಗೆ ಆ ಸೂತ್ರವನ್ನು ನೆನೆಯುವ ಪ್ರಮೇಯವೇ ಬರುವುದಿಲ್ಲ.

ಮತ್ತೊಂದು ಅನುಕೂಲವುಂಟು. ಆ ದೇಶದಲ್ಲಿ ಒಂದು ಪ್ರಾಂತದವರ ಮಾತು ಇನ್ನೊಂದು ಪ್ರಾಂತದವರಿಗೆ ತಿಳಿಯದಷ್ಟು ಭಿನ್ನವಾಗಿದ್ದರೂ ಲಿಪಿಯು ಎಲ್ಲರಿಗೂ ಸಾಧಾರಣ. ಆದಕಾರಣ ಅಲ್ಲಿಯ ಧಾರಾವಾಹಿಗಳೂ ಸಾಕ್ಷ್ಯಚಿತ್ರಗಳೂ ಬಹುಮಟ್ಟಿಗೆ ಚೀನೀ ಅಡಿಬರಹದೊಡನೆಯೇ ಬರುತ್ತವೆ. ತಮ್ಮ ಜನರಿಗಾಗಿ ಅವರು ಮಾಡಿಕೊಂಡ ಏರ್ಪಾಡು ಪರದೇಶದ ವಿದ್ಯಾರ್ಥಿಗೂ ಉಪಕಾರಿಯಾಗಿದೆ: ಕಿವಿಗೆ ಶಬ್ದ, ಕಣ್ಣಿಗೆ ಲಿಪಿ, ಎದುರಿಗೆ ವಸ್ತು. 2012ರಲ್ಲಿ ಚೀನದ ಕೇಂದ್ರ ಟೆಲಿವಿಷನ್ ಸಂಸ್ಥೆಯು ‘ನಾಲಗೆಯ ತುದಿಯ ಚೀನ’ ಎಂಬರ್ಥದ ಹೆಸರಿನಿಂದ ಏಳು ಭಾಗಗಳ ಚಿತ್ರಮಾಲೆಯನ್ನು ಪ್ರಸಾರಮಾಡಿತು. ಯುನ್ನಾನ್ ಪ್ರಾಂತದ ಪೈನ್ ಕಾಡಿನಲ್ಲಿ ಅಣಬೆಯನ್ನು ಕಿತ್ತವರು, ಮುಂದೆಯೂ ಅಲ್ಲಿ ಬೆಳೆಯಲೆಂದು ಆ ಕುಳಿಯನ್ನು ಸೂಜಿಯೆಲೆಗಳಿಂದ ಮುಚ್ಚುವುದನ್ನೂ, ಹೂಬೇ ಪ್ರಾಂತದ ಕೆಸರಿನಲ್ಲಿ ಕೂಲಿಗಳು ತಾವರೆಯ ದಂಟನ್ನು ಅಗೆದು ತೆಗೆಯುವುದನ್ನೂ ಅದರಲ್ಲಿ ಕಾಣಬಹುದು. ಹೀಗೆ ಕಂಡ ಪದವು ಮರೆಯುವುದಿಲ್ಲ.

ಗೃಹಸ್ಥರಿಗೆ ಇದಕ್ಕಿಂತಲೂ ರುಚಿಸತಕ್ಕದ್ದು ಮನೆಮಾತು. ಪುನರ್ವಿವಾಹದಿಂದ ಒಂದಾದ ಎರಡು ಸಂಸಾರಗಳ ಮೂವರು ಮಕ್ಕಳ ಕಥೆಯುಳ್ಳ, ‘ಮನೆಯಲ್ಲಿ ಮಕ್ಕಳಿದ್ದಾರೆ’ ಎಂಬರ್ಥದ ಹೆಸರಿನ ಹಾಸ್ಯ ಧಾರಾವಾಹಿಯು 2005ರಲ್ಲಿ ಆರಂಭವಾಯಿತು. ಇಂತಹ ಚಿತ್ರಗಳನ್ನು ನೋಡುವ ಕನ್ನಡಿಗನಿಗೆ ಅನೇಕ ಸಂಗತಿಗಳು ಪರಿಚಿತವೆಂದೇ ತೋರುವುವು. ಇಂಗ್ಲಿಷಿನವರು ‘ಅಂಕಲ್’ ಎಂಬ ಒಂದೇ ಪದದಲ್ಲಿ ಮುಗಿಸುವುದನ್ನು ಚೀನರು ದೊಡ್ಡಪ್ಪನಿಗೆ ‘ಬೋಬೋ’, ಚಿಕ್ಕಪ್ಪನಿಗೆ ‘ಷೂಷು’, ಸೋದರಮಾವನಿಗೆ ‘ಜ್ಯೂಜ್ಯು’ ಎಂದು ನಮ್ಮಂತೆಯೇ ಬೇರ್ಪಡಿಸುವರು. ನೆರೆಯವನು ಎದುರಾದರೆ ‘ಛೀ ಲ ಮಾ’, ಅಂದರೆ ‘ಊಟವಾಯಿತೇ’ ಎನ್ನುವರು. ಅದು ಊಟಕ್ಕೆ ಕರೆದದ್ದಲ್ಲವೆಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೊರಟ ಅತಿಥಿಗೆ ‘ಮಾನ್ ತ್ಸೋ’, ‘ನಿಧಾನವಾಗಿ ಹೋಗಿ’ ಎಂಬ ಉಪಚಾರ. ಕೊಟ್ಟ ಉಡುಗೊರೆಯನ್ನು ಒಂದೆರಡು ಸಲ ಬೇಡವೆಂದ ಮೇಲೆಯೇ ತೆಗೆದುಕೊಳ್ಳುವುದುಂಟು. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಅಶುಭ. ಮೃತರಿಗಾಗಿ ಹಚ್ಚುವ ಊದುಕಡ್ಡಿಯನ್ನು ಅದು ನೆನಪಿಗೆ ತರುತ್ತದೆ. ಕೋಶದಲ್ಲಿ ‘ಬೇಡ’ ಎಂಬುದಕ್ಕೆ ಅರ್ಥವು ಸಿಕ್ಕೀತು. ಯಾವ ‘ಬೇಡ’ವು ಬೇಡವಲ್ಲವೆಂಬುದನ್ನು ಮುಖವನ್ನು ನೋಡಿಯೇ ತಿಳಿಯಬೇಕು.

ಇದು ಕೇವಲ ವಿನೋದದ ಮಾತಲ್ಲ. ನಮ್ಮ ದೇಶದ ಸಾವಿರಾರು ತರುಣ ತರುಣಿಯರು ವೈದ್ಯವಿದ್ಯೆಗಾಗಿ ಚೀನಕ್ಕೆ ಹೋಗಿರುವರು. ತರಗತಿಯ ಪಾಠವು ಇಂಗ್ಲಿಷಿನಲ್ಲಿ ನಡೆಯಬಹುದು. ಆದರೆ ಆಸ್ಪತ್ರೆಯಲ್ಲಿ ರೋಗಿಯು ಇಂಗ್ಲಿಷಿನಲ್ಲಿ ನರಳುವುದಿಲ್ಲ. ‘ಬು ಷೂಫು’, ‘ಮೈಗೆ ನೆಮ್ಮದಿಯಿಲ್ಲ’ ಎಂದು ವೃದ್ಧೆಯೊಬ್ಬಳು ತನ್ನ ಊರಿನ ಧಾಟಿಯಲ್ಲಿ ನುಡಿದಾಗ, ಪಠ್ಯಪುಸ್ತಕದ ಶುದ್ಧೋಚ್ಚಾರಣೆಯನ್ನು ಮಾತ್ರ ಕೇಳಿದ ವಿದ್ಯಾರ್ಥಿಯು ಏನುಮಾಡಿಯಾನು? ಪ್ರಮಾಣಭಾಷೆಯಲ್ಲಿ ನಾಲ್ಕು ಹತ್ತು ಎಂಬ ಸಂಖ್ಯೆಗಳಿಗೆ ಸಕಾರ ಷಕಾರಗಳ ಭೇದವೂ ಸ್ವರಭೇದವೂ ಇವೆ. ದಕ್ಷಿಣದ ಅನೇಕರ ಬಾಯಲ್ಲಿ ಆ ಷಕಾರವು ಸಕಾರವೇ ಆಗುತ್ತದೆ. ನಾಲ್ಕು ದಿನದ ಜ್ವರವೋ ಹತ್ತು ದಿನದ್ದೋ ಎಂಬುದು ವೈದ್ಯನಿಗೆ ಅಲ್ಪವಿಷಯವಲ್ಲ. ಮಕ್ಕಳನ್ನು ಅಲ್ಲಿಗೆ ಕಳುಹಿಸುವ ತಂದೆತಾಯಿಗಳು, ಹೊರಡುವ ಮೊದಲೇ ಬೇರೆಬೇರೆ ಪ್ರಾಂತಗಳ ಮಾತನ್ನು ಇಂತಹ ವಿಡಿಯೋಗಳಲ್ಲಿ ಕೇಳಿಸುವ ಅಭ್ಯಾಸವನ್ನು ಮಾಡಿಸುವುದು ಲೇಸು.

ಇನ್ನು ಅಭ್ಯಾಸದ ಕ್ರಮ. ಎರಡು ಮೂರು ನಿಮಿಷಗಳಿಗೆ ಮೀರದ ಭಾಗವೊಂದನ್ನು ಆರಿಸಿಕೊಳ್ಳತಕ್ಕದ್ದು. ಮೊದಲನೆಯ ಸಲ ಅಡಿಬರಹವನ್ನು ಮರೆಮಾಡಿ, ಏನು ನಡೆಯಿತೆಂದು ಊಹಿಸಬೇಕು. ಎರಡನೆಯ ಸಲ ಚೀನೀ ಅಡಿಬರಹದೊಡನೆ ನೋಡಬೇಕು. ಮೂರನೆಯ ಸಲ ವಾಕ್ಯವಾಕ್ಯಕ್ಕೂ ನಿಲ್ಲಿಸಿ ಗಟ್ಟಿಯಾಗಿ ಅನುಕರಿಸಬೇಕು. ಐದಾರು ವಾಕ್ಯಗಳನ್ನು ಬರೆದಿಟ್ಟು ಮರುದಿನ ಮತ್ತೆ ಕೇಳಬೇಕು. ಇಂಗ್ಲಿಷ್ ಅಡಿಬರಹವನ್ನು ಬಿಡತಕ್ಕದ್ದು. ಅದಿದ್ದರೆ ಕಣ್ಣು ಓದುತ್ತದೆ, ಕಿವಿ ನಿದ್ರಿಸುತ್ತದೆ. ಚಕ್ರವರ್ತಿಗಳ ಕಾಲದ ರಾಜಾಸ್ಥಾನದ ಧಾರಾವಾಹಿಗಳು ನೋಡಲು ಮನೋಹರವೇ. ಆದರೆ ಅಲ್ಲಿಯ ಮಾತನ್ನು ಅಂಗಡಿಯಲ್ಲಿ ಆಡಿದರೆ, ಯಕ್ಷಗಾನದ ಅರ್ಥಗಾರಿಕೆಯಲ್ಲಿ ಸೊಪ್ಪಿನ ಬೆಲೆಯನ್ನು ಕೇಳಿದಂತಾಗುವುದು. ಹಾಗೆಯೇ ಚಿತ್ರವು ತೋರಿಸಿದ್ದೆಲ್ಲವೂ ದೇಶದ ನಿಜಸ್ಥಿತಿಯೆಂದು ಭ್ರಮಿಸಬಾರದು. ಕಥೆಗಾರನು ತನಗೆ ಬೇಕಾದ್ದನ್ನು ಆರಿಸುತ್ತಾನೆ, ಸರಕಾರದ ಸಂಸ್ಥೆಯು ತನಗೆ ಬೇಕಾದ್ದನ್ನು.

ಕಡೆಯದಾಗಿ ಒಂದು ಮಾತು. ವಿಡಿಯೋವು ನುಡಿಯುತ್ತದೆ, ಆದರೆ ನಮ್ಮ ನುಡಿಯನ್ನು ಕೇಳುವುದಿಲ್ಲ. ‘ಮಾಯ್’ ಎಂದು ನಾವು ಕೊಳ್ಳುವುದರ ಬದಲು ಮಾರಿದರೂ ಅದು ಸುಮ್ಮನಿರುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ತಿದ್ದಬಲ್ಲವರೊಬ್ಬರ ಮುಂದೆ ಕುಳಿತು ಮಾತನಾಡಬೇಕು. ವೃದ್ಧವ್ಯವಹಾರದಿಂದ ಅರ್ಥ, ಗುರುಮುಖದಿಂದ ಶುದ್ಧಿ. ವಾಚಕರಲ್ಲಿ ಯಾರಾದರೂ ಈ ಭಾಷೆಗೆ ಕೈಹಾಕುವುದಾದರೆ ಇವೆರಡನ್ನೂ ಜೊತೆಯಾಗಿಯೇ ಹಿಡಿಯಲೆಂದು ನಮ್ಮ ವಿಜ್ಞಾಪನೆ.